ಮಡಿಕೇರಿ ಹತ್ತಿರದ ನಮ್ಮ ಯುವಕ ಸಂಘ ಸ್ವಂತ ಎಫ್‌ಎಂ ಶುರು ಮಾಡಬಹುದಾ? ಆನ್‌ಲೈನ್‌ನಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಸಿಗುತ್ತದಲ್ಲ?

ಮಾಡಬಹುದು, ಆದರೆ ಆ ಡಬ್ಬಿ ತಂದು ಸುಮ್ನೆ ಆನ್ ಮಾಡುವ ಹಾಗಿಲ್ಲ. ಪರವಾನಗಿ ಇಲ್ಲದ ಪ್ರಸಾರ ಅಪರಾಧ, ಎಷ್ಟೇ ಚಿಕ್ಕದಿರಲಿ.

ನಿಮಗೆ ಬೇಕಿರುವುದು ಸಮುದಾಯ ರೇಡಿಯೊ, ಅಂದರೆ ಊರಿನವರೇ ತಮ್ಮ ಊರಿಗಾಗಿ ನಡೆಸುವ ಚಿಕ್ಕ ಎಫ್‌ಎಂ ಕೇಂದ್ರ. ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಆದರೂ ಮೊದಲು ಅವಕಾಶ ಸಿಕ್ಕಿದ್ದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. 2006ರ ನೀತಿ ಬಂದ ಮೇಲೆ ಲಾಭದ ಉದ್ದೇಶವಿಲ್ಲದ ಸಂಘಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಬಾಗಿಲು ತೆರೆಯಿತು. ಸಂಘ ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಆಗಿರಬೇಕು. ಒಬ್ಬ ವ್ಯಕ್ತಿಗೆ, ರಾಜಕೀಯ ಪಕ್ಷಕ್ಕೆ ಕೊಡುವುದಿಲ್ಲ. ಅರ್ಜಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ. ತರಂಗಾಂತರಕ್ಕೆ ದೂರಸಂಪರ್ಕ ಇಲಾಖೆಯ ಅನುಮತಿ ಬೇರೆ. ತಾಳ್ಮೆ ಜಾಸ್ತಿ ಬೇಕು.

ಪ್ರಸಾರದ ಶಕ್ತಿಗೆ ಸಾಮಾನ್ಯ ಮಿತಿ 100 ವ್ಯಾಟ್. ಬಯಲಿನಲ್ಲಿ ಸುಮಾರು ಹತ್ತು ಕಿಲೋಮೀಟರ್ ಕೇಳಿಸಬಹುದು. ಕೊಡಗಿನಲ್ಲಿ ಒಂದು ಬೆಟ್ಟ ಅಡ್ಡ ಬಂದರೆ ಮುಗಿಯಿತು, ಹಾಗಾಗಿ ಆಂಟೆನಾ ಜಾಗವನ್ನು ಮೊದಲು ನೋಡಿ.

ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು. ಕೊಡವ ತಕ್ಕ್, ಅರೆಭಾಷೆಗೆ ಒಳ್ಳೆಯದೇ, ಅಲ್ವಾ? ನೀವೇ ತಯಾರಿಸಿದ ಸುದ್ದಿ ಓದುವಂತಿಲ್ಲ, ಸುದ್ದಿ ಬೇಕಿದ್ದರೆ ಆಕಾಶವಾಣಿಯದ್ದನ್ನೇ ಹಾಕಬೇಕು. ಆದರೆ ಮಳೆ, ಭೂಕುಸಿತದ ಬಗ್ಗೆ ಜಿಲ್ಲಾಡಳಿತ ಕೊಡುವ ಮಾಹಿತಿಯನ್ನು ಸುದ್ದಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಧಾರಾಳವಾಗಿ ಹೇಳಬಹುದು.