ಯಂತ್ರಗಳು ಹೋದವು, ಕಾರಣ ಯಾರೂ ಹೇಳಲಿಲ್ಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಲೈನ್ ಸೂಪರ್‌ವೈಸರ್ ಆಗಿರುವ, ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ನಿದ್ದೆ ಬರುತ್ತಿಲ್ಲ, ಕೆಲಸಕ್ಕೆ ಹೋಗಲು ಮನಸ್ಸಾಗುತ್ತಿಲ್ಲ ಎಂದು ಬಂದಿದ್ದರು. ದೈಹಿಕ ತೊಂದರೆ ಏನೂ ಇಲ್ಲವೆಂದು ವೈದ್ಯರು ಹೇಳಿದ್ದರು. ಒಂದು ಸೋಮವಾರ ಬೆಳಿಗ್ಗೆ ಅವರ ಲೈನಿನ ಕೊನೆಯ ಸಾಲಿನ ಹೊಲಿಗೆ ಯಂತ್ರಗಳು ಇರಲಿಲ್ಲ; ಆ ಜಾಗದಲ್ಲಿ ಎಣ್ಣೆಯ ಕಲೆಗಳೂ ನೂಲಿನ ತುಣುಕುಗಳೂ ಮಾತ್ರ ಉಳಿದಿದ್ದವು. ಅವು ಎಲ್ಲಿಗೆ ಹೋದವು, ಏಕೆ ಹೋದವು ಎಂದು ಆಡಳಿತದವರು ಹೇಳಲಿಲ್ಲ. ಊಟದ ಹೊತ್ತಿಗೆ ಕಾರ್ಖಾನೆಯೇ ಮುಚ್ಚುತ್ತದೆ ಎಂಬ ಮಾತು ಹಬ್ಬಿತು.

“ಅಕ್ಕನಿಗೆ ಎಲ್ಲಾ ಗೊತ್ತು, ಬಾಯಿ ಬಿಡ್ತಿಲ್ಲ ಅಂತಾರೆ ಮೇಡಂ. ನನಗೂ ಗೊತ್ತಿಲ್ಲ ಅಂದ್ರೆ ಯಾರೂ ನಂಬಲ್ಲ” ಎನ್ನುವಾಗ ಅವರ ಕಣ್ಣು ತುಂಬಿತು.

ಅವರನ್ನು ಕೆಲಸ ಹೋಗುವ ಭಯಕ್ಕಿಂತ ಹೆಚ್ಚಾಗಿ ಕುಗ್ಗಿಸಿದ್ದು ತಮ್ಮವರ ಈ ಅಪನಂಬಿಕೆ ಎಂದು ನನಗೆ ತೋರಿತು. ಕೆಟ್ಟ ಸುದ್ದಿಯಾದರೂ ಖಚಿತವಾಗಿ ತಿಳಿದರೆ ಮನುಷ್ಯರು ಅತ್ತು, ನಂತರ ಬಾಡಿಗೆ, ಮಕ್ಕಳ ಫೀಸು, ಸಂಘದ ಸಾಲದ ಕಂತು ಎಂದು ಲೆಕ್ಕ ಹಾಕಿ ದಾರಿ ಹುಡುಕುತ್ತಾರೆ. ಏನೂ ತಿಳಿಯದಿದ್ದಾಗ ಆ ಲೆಕ್ಕವನ್ನು ಶುರುಮಾಡುವುದಕ್ಕೇ ಆಗದೆ ಮನಸ್ಸು ಹಗಲಿರುಳು ಕಾವಲು ಕಾಯುತ್ತದೆ. ಮುಂದಿನ ತಿಂಗಳು ಲೈನ್ ಇರುತ್ತದೋ ಇಲ್ಲವೋ ಎಂದು ತಿಳಿಯದವರ ಕೈ ಗಂಟೆಯ ಟಾರ್ಗೆಟ್‌ಗೆ ಓಡದಿದ್ದರೆ ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಈ ಭಯಕ್ಕೆ ಹಿನ್ನೆಲೆಯೂ ಇತ್ತು. ಭವಿಷ್ಯನಿಧಿ (ಪಿಎಫ್) ಹಿಂಪಡೆಯುವ ನಿಯಮ ಬದಲಾದದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದು, ಸರ್ಕಾರ ಆ ಬದಲಾವಣೆಯನ್ನು ಹಿಂತೆಗೆದುಕೊಂಡಾಗ ಇವರು ಟೈಲರ್ ಆಗಿದ್ದರು. ತಮ್ಮ ದುಡ್ಡಿನ ವಿಷಯ ತಮಗೇ ಕೊನೆಗೆ ತಿಳಿಯಿತು ಎಂಬ ನೋವು ಇಂದಿಗೂ ಮಾಸಿರಲಿಲ್ಲ.

ಕಂಡದ್ದು, ಕೇಳಿದ್ದು, ತಿಳಿಯದ್ದು ಎಂದು ಬೇರೆ ಬೇರೆಯಾಗಿ ಬರೆಯಲು ಹೇಳಿದೆ. ಕಂಡದ್ದರಲ್ಲಿ ಉಳಿದದ್ದು ಯಂತ್ರಗಳು ಹೋದ ಸಂಗತಿ ಒಂದೇ. ತಿಳಿಯದ್ದನ್ನು ಎಚ್‌ಆರ್ ವಿಭಾಗಕ್ಕೆ ಬರಹದಲ್ಲಿ ಕೇಳಿ, ಉತ್ತರ ಯಾವ ದಿನ ಸಿಗುತ್ತದೆಂದೂ ಕೇಳಬೇಕು. ಲೈನಿನವರಿಗೆ “ನನಗೂ ಗೊತ್ತಿಲ್ಲ, ಕೇಳಿದ್ದೇನೆ, ಶನಿವಾರ ಉತ್ತರ ಬಂದರೂ ಬಾರದಿದ್ದರೂ ಹೇಳುತ್ತೇನೆ” ಎಂದು ಎಲ್ಲರ ಮುಂದೆ ಒಟ್ಟಿಗೇ ಹೇಳಬೇಕು ಎಂದೆ. ಪಿಎಫ್ ಪಾಸ್‌ಬುಕ್ಕನ್ನು ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ನೋಡಿಕೊಳ್ಳುವುದನ್ನು ಅಲ್ಲಿಯೇ ಕಲಿಸಿದೆ, ಏಕೆಂದರೆ ಯಾರನ್ನೂ ಕೇಳದೆ ತಿಳಿಯಬಹುದಾದ ಒಂದು ಸಂಗತಿಯಾದರೂ ಅವರ ಕೈಯಲ್ಲಿರಬೇಕಿತ್ತು. ರಾತ್ರಿ ಆತಂಕ ಹೆಚ್ಚಾದರೆ ಕರೆಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಕೊಟ್ಟೆ.

ಯಂತ್ರಗಳು ಇನ್ನೊಂದು ಘಟಕದ ತುರ್ತು ಆರ್ಡರಿಗೆ ಹೋಗಿವೆ, ಲೈನ್ ಮುಚ್ಚುವ ತೀರ್ಮಾನವಾಗಿಲ್ಲ ಎಂಬ ಉತ್ತರ ತಡವಾಗಿ ಬಂದಿತು. ಅವು ಎಂದು ಮರಳುತ್ತವೆ ಎಂಬುದನ್ನು ಅದರಲ್ಲಿ ಹೇಳಿರಲಿಲ್ಲ. ಅವರು ಅದನ್ನು ಲೈನಿನಲ್ಲಿ ಇದ್ದಂತೆಯೇ ಓದಿ ಹೇಳಿ, ಉಳಿದ ಪ್ರಶ್ನೆಯನ್ನು ಮತ್ತೆ ಬರೆದು ಕಳುಹಿಸಿದ್ದಾರೆ. ಈ ಸಲ ಕೆಳಗೆ ಲೈನಿನ ಇತರರ ಸಹಿಗಳೂ ಇವೆ.