ಕೇಳಿ ನೋಡಿ: ಛತ್ರದ ಕ್ಯಾಲೆಂಡರನ್ನ ಊರಿಗೆಲ್ಲ ಹಂಚೋದು ಹೆಂಗೆ?

ಹೋದ ಸಲ ಇದೇ ಪುಟದಲ್ಲಿ ವಿಂಡೋಸ್ ಪ್ರೋಗ್ರಾಂ ಬರೆಯೋರಿಗೆ ಏನಾದ್ರೂ ಕೇಳೋದಿದ್ರೆ ಕೇಳಿ ಅಂದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಭಾಗ ಕ್ಯಾಲೆಂಡರ್ ಬಗ್ಗೇನೇ ಇವೆ, ಅದಕ್ಕೆ ಈ ಸಲ ಪೂರ್ತಿ ಅದೇ. ಮೊದಲನೇ ಪತ್ರ ಉದ್ದ ಇದೆ, ಉತ್ತರಾನೂ ಉದ್ದ ಆಗಿದೆ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಸರ್, ನಮ್ಮ ಸೋದರಮಾವಂದು ಒಂದು ಮದುವೆ ಛತ್ರ ಇದೆ. ಬುಕಿಂಗ್ ಎಲ್ಲ ದಪ್ಪ ಡೈರೀಲಿ ಬರ್ಕೋತಿದ್ರು, ಒಂದೇ ದಿನ ಇಬ್ಬರಿಗೆ ಕೊಟ್ಟು ಒಂದ್ಸಲ ದೊಡ್ಡ ಜಗಳಾನೇ ಆಯ್ತು. ಆಮೇಲೆ ನಾನು ಸಿ ಶಾರ್ಪ್ ಭಾಷೇಲಿ, ವಿನ್‌ಫಾರ್ಮ್ಸ್ (ವಿಂಡೋಸ್ ಪ್ರೋಗ್ರಾಂಗಳ ಪರದೆ ಕಟ್ಟೋ ಸಲಕರಣೆ) ಬಳಸಿ ಒಂದು ಸಣ್ಣ ಸಾಫ್ಟ್‌ವೇರ್ ಮಾಡಿಕೊಟ್ಟೆ. ವಿನ್‌ಫಾರ್ಮ್ಸ್ ಜೊತೆ ಬರೋ ಕ್ಯಾಲೆಂಡರ್ ಸಾಕಾಗ್ಲಿಲ್ಲ ಅಂತ ನಾನೇ ಒಂದು ಕಂಟ್ರೋಲ್ (ಪರದೆ ಮೇಲೆ ಕೂರಿಸೋ ಭಾಗ) ಬರೆದೆ, ಅರ್ಧ ದಿನ ಬುಕ್ ಆದ್ರೆ ಅರ್ಧ ಚೌಕಕ್ಕೆ ಮಾತ್ರ ಬಣ್ಣ ಬರುತ್ತೆ. ಈಗ ಒಬ್ಬ ಫ್ರೆಂಡು ಹಲ್ಲಿನ ಕ್ಲಿನಿಕ್ಕಿಗೆ ಬೇಕು ಅಂತಾನೆ, ಇನ್ನೊಬ್ಬ ಟ್ರಾವೆಲ್ಸ್‌ಗೆ ಬೇಕು ಅಂತಾನೆ. ಒಬ್ಬನಿಗೆ ಕಂಟ್ರೋಲ್‌ನ ಡಿಎಲ್ಎಲ್ (ಕೋಡ್ ಇರೋ ಫೈಲ್) ಕಳಿಸಿದೆ, ಅವನು ಫಾರ್ಮ್ ಮೇಲೆ ಎಳೆದು ಹಾಕಿದ ತಕ್ಷಣ ಡಿಸೈನರ್ (ಪರದೆ ಜೋಡಿಸೋ ಕಿಟಕಿ) ಪೂರ್ತಿ ಎರರ್ ತೋರಿಸ್ತು. ಹೆಂಗೆ ಹಂಚೋದು? ಇಲ್ಲಾಂದ್ರೆ ವಿಂಡೋಸ್‌ದೇ ಇದೆಯಲ್ಲ ಅದನ್ನೇ ಬಳಸ್ಕೊಳ್ರಪ್ಪ ಅಂದುಬಿಡ್ಲಾ?
— ರಾಜಾಜಿನಗರದ ಓದುಗರು

ಉತ್ತರ: ಅನ್ಬೇಡಿ. ನೀವು ಸ್ವಂತ ಬರೆದಿದ್ದೇ ಸರಿ. ವಿನ್‌ಫಾರ್ಮ್ಸ್‌ನ ಮಂತ್‌ಕ್ಯಾಲೆಂಡರ್ ಅನ್ನೋದು ವಿಂಡೋಸ್ ಒಳಗಿರೋ ಹಳೇ ಕಂಟ್ರೋಲಿಗೆ ಹಾಕಿರೋ ಹೊದಿಕೆ ಅಷ್ಟೆ. ಅದರಲ್ಲಿ ಒಂದು ತಾರೀಖನ್ನ ದಪ್ಪ ಅಕ್ಷರದಲ್ಲಿ ತೋರಿಸ್ಬಹುದು, ಬೇರೆ ಬಣ್ಣ ಕೊಡಕ್ಕಾಗಲ್ಲ. ತಲೆಪಟ್ಟಿ ಬಣ್ಣಕ್ಕೆ ಪ್ರಾಪರ್ಟಿ (ಸೆಟ್ಟಿಂಗ್) ಏನೋ ಇದೆ, ಆದ್ರೆ ವಿಂಡೋಸ್ ವಿಸ್ಟಾ ಬಂದ ಮೇಲೆ ಥೀಮ್ ಆನ್ ಇದ್ದರೆ ಅದು ಕೆಲ್ಸಾನೇ ಮಾಡಲ್ಲ, ಎಷ್ಟೋ ಜನ ಅರ್ಧ ದಿನ ತಲೆ ಕೆರ್ಕೊಂಡು ಆಮೇಲೆ ಗೊತ್ತಾಗುತ್ತೆ. ಛತ್ರಕ್ಕೆ ದಪ್ಪ ಅಕ್ಷರ ಕಟ್ಕೊಂಡು ಏನು ಮಾಡೋಣ.

ಈಗ ಎರರ್ ವಿಷ್ಯ. ನಿಮ್ಮ ಕೋಡ್ ನೋಡದೇ ಹೇಳ್ತಿದ್ದೀನಿ, ಕಂಟ್ರೋಲ್‌ನ ಕನ್‌ಸ್ಟ್ರಕ್ಟರಲ್ಲೋ ಲೋಡಲ್ಲೋ, ಅಂದ್ರೆ ಅದು ಶುರುವಾಗೋವಾಗಲೇ ಓಡೋ ಕೋಡಲ್ಲಿ, ನೀವು ಬುಕಿಂಗ್ ಡೇಟಾಬೇಸ್ ಓಪನ್ ಮಾಡ್ತಿರ್ತೀರಿ, ಅಲ್ವಾ? ಡಿಸೈನರ್‌ನಲ್ಲಿ ಕಂಟ್ರೋಲ್ ಎಳೆದು ಹಾಕಿದಾಗ ಅದು ಬರೀ ಚಿತ್ರ ಅಲ್ಲ, ನಿಮ್ಮ ಕೋಡು ಅಲ್ಲೇ ನಿಜವಾಗ್ಲೂ ಓಡುತ್ತೆ. ನಿಮ್ಮ ಮೆಷಿನ್‌ನಲ್ಲಿ ಡೇಟಾಬೇಸ್ ಇದೆ, ಅದಕ್ಕೆ ಸುಮ್ನೆ ಓಡ್ತು. ಫ್ರೆಂಡ್ ಮೆಷಿನ್‌ನಲ್ಲಿ ನಿಮ್ಮ ಮಾವನ ಛತ್ರ ಎಲ್ಲಿಂದ ಬರ್ಬೇಕು? ಡಿಸೈನರ್ ಒಳಗೆ ಓಡ್ತಿದ್ದೀವಾ ಅಂತ ಹೇಳೋ ಡಿಸೈನ್‌ಮೋಡ್ ಅಂತ ಒಂದು ಪ್ರಾಪರ್ಟಿ ಇದೆ, ಅದನ್ನ ನೋಡ್ಕೊಂಡು ಬಿಡ್ತೀನಿ ಅಂತೀರೇನೋ, ಕನ್‌ಸ್ಟ್ರಕ್ಟರ್ ಒಳಗೆ ಅದು ಯಾವಾಗ್ಲೂ ಫಾಲ್ಸ್ (ಇಲ್ಲ) ಅಂತಾನೇ ಹೇಳುತ್ತೆ, ನಂಬ್ಬೇಡಿ.

ಅಸಲಿಗೆ ಅಲ್ಲಿ ತೇಪೆ ಹಾಕೋದೇ ತಪ್ಪು. ಹಂಚೋ ಕ್ಯಾಲೆಂಡರ್‌ಗೆ ಡೇಟಾಬೇಸ್ ಗೊತ್ತಿರಬಾರದು, ಛತ್ರ ಅಂದ್ರೇನು ಅಂತ ಗೊತ್ತಿರಬಾರದು, ಯುಗಾದಿ ಯಾವತ್ತು ಅಂತಾನೂ ಗೊತ್ತಿರಬಾರದು. ಚೌಕ ಬರೆಯೋದು, ಕ್ಲಿಕ್ ಆದ್ರೆ ಯಾವ ತಾರೀಖು ಅಂತ ಹೇಳೋದು, ಅಷ್ಟೇ ಅದರ ಕೆಲ್ಸ. ಒಂದೊಂದು ಚೌಕ ಬರೆಯೋಕೆ ಮುಂಚೆ ಒಂದು ಈವೆಂಟ್ (ಬಳಸೋರ ಕೋಡಿಗೆ ಹೋಗೋ ಕರೆ) ಎಬ್ಬಿಸಿ, "ಮಾರ್ಚ್ 19 ಬರೀತಿದ್ದೀನಿ, ಬೆಳಗ್ಗೆ ಭಾಗಕ್ಕೆ ಯಾವ ಬಣ್ಣ, ಸಂಜೆ ಭಾಗಕ್ಕೆ ಯಾವ ಬಣ್ಣ, ಕೆಳಗೆ ಏನಾದ್ರೂ ಸಣ್ಣಕ್ಷರ ಬೇಕಾ" ಅಂತ ಬಳಸೋರನ್ನೇ ಕೇಳಲಿ. ಕ್ಲಿನಿಕ್ಕಿನವನು ತನ್ನ ಅಪಾಯಿಂಟ್‌ಮೆಂಟ್ ನೋಡಿ ಹೇಳ್ತಾನೆ, ಟ್ರಾವೆಲ್ಸ್‌ನವನು ತನ್ನ ಗಾಡಿ ನೋಡಿ ಹೇಳ್ತಾನೆ. ಯಾರೂ ಉತ್ತರ ಕೊಡ್ಲಿಲ್ವಾ, ಬಿಳಿ ಚೌಕ. ಡಿಸೈನರ್‌ನಲ್ಲಿ ಆಗೋದು ಇದೇ, ಎರರ್ ಪ್ರಶ್ನೇನೇ ಬರಲ್ಲ. ಒಂದೇ ಎಚ್ಚರಿಕೆ, ಈವೆಂಟ್ ಒಳಗೆ ಡೇಟಾಬೇಸ್ ಕೇಳ್ಬೇಡಿ ಅಂತ ಅವರಿಗೆ ಹೇಳಿಡಿ, ಮೌಸ್ ಅಲ್ಲಾಡಿದಾಗೆಲ್ಲ 42 ಸಲ ಕ್ವೆರಿ ಹೋದ್ರೆ ಕ್ಯಾಲೆಂಡರ್ ತೆವಳುತ್ತೆ. ತಿಂಗಳು ಬದಲಾದಾಗ ಒಂದೇ ಸಲ ತಂದು ಡಿಕ್ಷನರೀಲಿ (ಮೆಮೊರೀಲಿರೋ ಪಟ್ಟಿ) ಇಟ್ಕೊಳ್ಳಲಿ, ಅದಕ್ಕೆ ತಿಂಗಳು ಬದಲಾಯ್ತು ಅನ್ನೋ ಇನ್ನೊಂದು ಈವೆಂಟು ಕೊಡಿ.

42 ಯಾಕೆ ಅಂದ್ರೆ 6 ಸಾಲು, 7 ಕಂಬ. ಭಾನುವಾರದಿಂದ ಶುರು ಮಾಡಿದ್ರೆ 2026ರ ಫೆಬ್ರವರಿ ಸರಿಯಾಗಿ 4 ಸಾಲಲ್ಲಿ ಕೂರುತ್ತೆ, ಅದೇ ವರ್ಷದ ಮೇ ಮತ್ತು ಆಗಸ್ಟ್‌ಗೆ 6 ಸಾಲು ಬೇಕು. ತಿಂಗಳಿಗೆ ತಕ್ಕಂಗೆ ಸಾಲು ಕಮ್ಮಿ ಜಾಸ್ತಿ ಮಾಡಿದ್ರೆ ಮುಂದಿನ ತಿಂಗಳ ಬಟನ್ ಒತ್ತಿದಾಗೆಲ್ಲ ಚೌಕಗಳು ಕುಣೀತವೆ, ಅದಕ್ಕೆ ಯಾವಾಗ್ಲೂ 42 ಇಡಿ, ಹಿಂದಿನ ಮುಂದಿನ ತಿಂಗಳ ದಿನಗಳನ್ನ ಬೂದು ಬಣ್ಣದಲ್ಲಿ ತೋರಿಸಿ. ಡಬಲ್ ಬಫರ್ (ಚಿತ್ರ ಪೂರ್ತಿ ಮರೆಯಲ್ಲಿ ಬರೆದು ಒಂದೇ ಸಲ ತೋರಿಸೋದು) ಆನ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಮಿಣುಕುತ್ತೆ.

ನಿಮ್ಮ ಅರ್ಧ ಚೌಕದ ಐಡಿಯಾ ನಂಗೆ ಭಾರಿ ಹಿಡಿಸ್ತು. ಛತ್ರದ ಲೆಕ್ಕ ಹಂಗೇ ಅಲ್ವಾ, ಹಿಂದಿನ ದಿನ ಸಂಜೆ ರಿಸೆಪ್ಷನ್, ಮಾರನೇ ದಿನ ಮುಹೂರ್ತ, ಮಧ್ಯಾಹ್ನ ಊಟ ಮುಗಿಸಿ ಬೀಗದ ಕೈ ವಾಪಸ್. ಒಂದೇ ತಾರೀಖಿನ ಬೆಳಗ್ಗೆ ಒಬ್ಬರದು, ಸಂಜೆ ಇನ್ನೊಬ್ಬರದು. ಇದನ್ನ ಚೌಕದ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಎರಡು ತ್ರಿಕೋನ ಮಾಡಿ ತೋರಿಸಿ, ಯಾರಿಗೂ ವಿವರಿಸೋದು ಬೇಕಾಗಲ್ಲ. ಹಸಿರು ಕೆಂಪು ಎರಡನ್ನೇ ನೆಚ್ಕೋಬೇಡಿ, ಆ ಎರಡೂ ಒಂದೇ ಥರ ಕಾಣೋರು ಗಂಡಸರಲ್ಲಿ ಸಾಕಷ್ಟು ಜನ ಇದ್ದಾರೆ, ಜೊತೆಗೆ ಗೆರೆ ಗೆರೆ ಡಿಸೈನೂ ಇರಲಿ. ಬಾಣದ ಕೀಲಿ ಒತ್ತಿದ್ರೆ ದಿನ ಬದಲಾಗ್ಬೇಕು, ಅದಕ್ಕೆ ಇಸ್‌ಇನ್‌ಪುಟ್‌ಕೀ ಅನ್ನೋದನ್ನ ಓವರ್‌ರೈಡ್ ಮಾಡ್ಬೇಕು (ಅದರ ಜಾಗದಲ್ಲಿ ನಿಮ್ಮ ಕೋಡ್ ಹಾಕ್ಬೇಕು), ಮಾಡದೇ ಇದ್ರೆ ಬಾಣ ಒತ್ತಿದಾಗ ಫೋಕಸ್ ಪಕ್ಕದ ಬಟನ್‌ಗೆ ಹಾರುತ್ತೆ.

ಕಳಿಸೋ ರೀತಿ: ವಾಟ್ಸಾಪ್‌ನಲ್ಲಿ ಡಿಎಲ್ಎಲ್ ಕಳಿಸೋದು ಬಿಡಿ. ಇಂಟರ್ನೆಟ್‌ನಿಂದ ಬಂದ ಫೈಲು ಅಂತ ವಿಂಡೋಸ್ ಅದಕ್ಕೆ ಗುರುತು ಹಾಕಿಡುತ್ತೆ, ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮಾಡೋವರೆಗೆ ತಕರಾರು. ನುಗೆಟ್ ಪ್ಯಾಕೇಜ್ (ಕೋಡ್ ಹಂಚೋ ಕಟ್ಟು) ಮಾಡಿ, ಒಂದೇ ಪ್ಯಾಕೇಜ್‌ನಲ್ಲಿ ಹಳೇ ಡಾಟ್‌ನೆಟ್ ಫ್ರೇಮ್‌ವರ್ಕ್ 4.8ಕ್ಕೂ ಹೊಸ ಡಾಟ್‌ನೆಟ್ 8ಕ್ಕೂ (ಎರಡೂ ಸಿ ಶಾರ್ಪ್ ಪ್ರೋಗ್ರಾಂ ಓಡಿಸೋ ವೇದಿಕೆ) ಬೇರೆ ಬೇರೆ ಬಿಲ್ಡ್ ಇಡಬಹುದು. ಎನಿ ಸಿಪಿಯು (32, 64 ಬಿಟ್ ಎರಡಕ್ಕೂ ಒಗ್ಗೋದು) ಅಂತಾನೇ ಬಿಲ್ಡ್ ಮಾಡಿ, ಕೋಡ್ ಬರೆಯೋ ವಿಷುಯಲ್ ಸ್ಟುಡಿಯೋ 2022 ಪೂರ್ತಿ 64 ಬಿಟ್, 4.8ರ ಪ್ರಾಜೆಕ್ಟ್‌ನಲ್ಲಿ 32 ಬಿಟ್‌ಗೆ ಮಾತ್ರ ಮಾಡಿದ ಕಂಟ್ರೋಲು ಅದರ ಮಾಮೂಲಿ ಡಿಸೈನರ್‌ನಲ್ಲಿ ಲೋಡ್ ಆಗಲ್ಲ. ಹಂಗೇ ಒಂದೊಂದು ಪ್ರಾಪರ್ಟಿಗೂ ಕೆಟಗರಿ, ವಿವರಣೆ, ಡೀಫಾಲ್ಟ್ ಬೆಲೆ ಬರೀರಿ. ಒಂದು ಸಣ್ಣ ಸ್ಯಾಂಪಲ್ ಪ್ರಾಜೆಕ್ಟ್ ಜೊತೆಗೆ ಇಡಿ, ಹತ್ತು ಪುಟ ಡಾಕ್ಯುಮೆಂಟ್ ಯಾರೂ ಓದಲ್ಲ, ಸ್ಯಾಂಪಲ್ ಎಲ್ರೂ ಓಡಿಸಿ ನೋಡ್ತಾರೆ.

ಪ್ರಶ್ನೆ: ಕ್ಯಾಲೆಂಡರ್‌ನಲ್ಲಿ ಕನ್ನಡ ಅಂಕಿ ಬರಲಿ ಅಂತ ಕಲ್ಚರ್ (ಭಾಷೆಯ ಸೆಟ್ಟಿಂಗ್) ಕನ್ನಡಕ್ಕೆ ಬದಲಾಯಿಸಿದೆ. ತಿಂಗಳ ಹೆಸರು ಕನ್ನಡ ಆಯ್ತು, ಅಂಕಿ ಮಾತ್ರ 1, 2, 3 ಅಂತಾನೇ ಬರ್ತಿದೆ. ವಾರದ ಮೊದಲ ಅಕ್ಷರಾನೂ ತಪ್ಪು ಬರ್ತಿದೆ.
— ಮಲ್ಲೇಶ್ವರದ ಓದುಗರು

ಉತ್ತರ: ನಿಮ್ಮ ತಪ್ಪೇನಿಲ್ಲ. ಡಾಟ್‌ನೆಟ್‌ಗೆ ಕನ್ನಡದ ಅಂಕಿ ಗೊತ್ತು, ನೇಟಿವ್‌ಡಿಜಿಟ್ಸ್ ಅಂತ ಒಂದು ಪಟ್ಟೀನೇ ಇಟ್ಕೊಂಡಿದೆ, ಆದ್ರೆ ಸಂಖ್ಯೆಯನ್ನ ಅಕ್ಷರ ಮಾಡೋವಾಗ ಅದನ್ನ ಮುಟ್ಟಲ್ಲ. ನೀವೇ ಬದಲಾಯಿಸ್ಬೇಕು. ಯುನಿಕೋಡ್‌ನಲ್ಲಿ ೦ ಇಂದ ೯ರವರೆಗೆ ಸಾಲಾಗಿವೆ, 0ಸಿಇ6 ಇಂದ 0ಸಿಇಎಫ್ ತನಕ (ಹದಿನಾರರ ಲೆಕ್ಕದ ಸಂಖ್ಯೆಗಳು), ಹಂಗಾಗಿ ಒಂದೊಂದು ಅಂಕಿಯ ಬೆಲೆಗೂ 0ಸಿಇ6 ಕೂಡಿಸಿದ್ರೆ ಮುಗೀತು, ಎರಡು ಸಾಲಿನ ಫಂಕ್ಷನ್.

ವಾರದ ವಿಷ್ಯ: ನೀವು ಸಬ್‌ಸ್ಟ್ರಿಂಗ್‌ನಲ್ಲಿ ಮೊದಲ ಒಂದು ಕ್ಯಾರೆಕ್ಟರ್ ತಗೊಂಡಿದ್ದೀರಿ. ಇಂಗ್ಲಿಷ್‌ಗೆ ಸರಿ, ನಮ್ಮಲ್ಲಿ ಕೊಂಬು ದೀರ್ಘ ಎಲ್ಲ ಬೇರೆ ಕ್ಯಾರೆಕ್ಟರು, ಹಂಗಾಗಿ ಸೋಮ ಹೋಗಿ ಬರೀ "ಸ", ಗುರು ಹೋಗಿ "ಗ", ಶುಕ್ರ ಶನಿ ಎರಡೂ "ಶ". ಪೂರ್ತಿ ಅಕ್ಷರವನ್ನೇ ಹಿಡಿಯೋ ಸ್ಟ್ರಿಂಗ್‌ಇನ್ಫೋ ಬಳಸಿದ್ರೆ "ಸೋ", "ಶು" ಅಂತ ಸರಿಯಾಗಿ ಬರುತ್ತೆ. ನನ್ನ ಕೇಳಿದ್ರೆ ಭಾನು, ಸೋಮ, ಮಂಗಳ, ಬುಧ ಅಂತ ಪೂರ್ತಿ ಬರೆದುಬಿಡಿ, ಜಾಗಕ್ಕೆ ಏನು ಬರ? ಫಾಂಟು ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಇದೆ, ಅದಕ್ಕೂ ಹಳೇದಾದ್ರೆ ತುಂಗಾ.

ಪ್ರಶ್ನೆ: ಗೋಡೆ ಮೇಲಿರೋ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಥರಾನೇ ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಕಂಟ್ರೋಲ್‌ನಲ್ಲೇ ಬರೋಹಂಗೆ ಮಾಡ್ಬೋದಾ? ನಮ್ಮ ಮನೇಲಿ ಅಜ್ಜಿ ಅದಿಲ್ದೇ ಇದ್ರೆ ಅದೆಂಥ ಕ್ಯಾಲೆಂಡರು ಅಂತಾರೆ.
— ಬಸವನಗುಡಿಯ ಓದುಗರು

ಉತ್ತರ: ಅಜ್ಜಿ ಹೇಳೋದು ಸರಿ. ರಾಹುಕಾಲ ಸುಲಭ, ಮೊದಲು ಅದನ್ನ ಮಾಡಿ. ಬೆಳಗ್ಗೆ ಆರಕ್ಕೆ ಸೂರ್ಯ ಹುಟ್ಟಿ ಸಂಜೆ ಆರಕ್ಕೆ ಮುಳುಗ್ತಾನೆ ಅಂತ ಇಟ್ಕೊಂಡು ಹಗಲನ್ನ 8 ಭಾಗ ಮಾಡಿ, ಒಂದೊಂದು ಒಂದೂವರೆ ಗಂಟೆ. ಸೋಮವಾರ ಎರಡನೇ ಭಾಗ, ಶನಿವಾರ ಮೂರು, ಶುಕ್ರವಾರ ನಾಲ್ಕು, ಬುಧವಾರ ಐದು, ಗುರುವಾರ ಆರು, ಮಂಗಳವಾರ ಏಳು, ಭಾನುವಾರ ಎಂಟು. ಏಳು ಸಂಖ್ಯೆಯ ಒಂದು ಅರೇ (ಪಟ್ಟಿ), ಅಷ್ಟೆ.

ತಿಥಿ ಹಂಗಲ್ಲ. ಸೂರ್ಯ ಚಂದ್ರರ ನಡುವಿನ ಕೋನ 12 ಡಿಗ್ರಿ ಬೆಳೆದ್ರೆ ಒಂದು ತಿಥಿ, ಚಂದ್ರನ ವೇಗ ಒಂದೇ ಸಮ ಇಲ್ಲದಿರೋದ್ರಿಂದ ಒಂದು ತಿಥಿ ಸುಮಾರು 19 ಗಂಟೇಲೂ ಮುಗೀಬಹುದು, 26 ಗಂಟೆವರೆಗೂ ಎಳೀಬಹುದು. ಸೂರ್ಯೋದಯದ ಹೊತ್ತಿಗೆ ಯಾವುದು ನಡೀತಿದೆಯೋ ಅದು ಆ ದಿನದ ತಿಥಿ. ಹಂಗಾಗಿ ಕೆಲವು ತಿಥಿ ಎರಡು ದಿನ ಬರುತ್ತೆ, ಕೆಲವು ಕ್ಯಾಲೆಂಡರಿಗೇ ಬರದೆ ಮಾಯ. ಡಾಟ್‌ನೆಟ್‌ನಲ್ಲಿ ಹೀಬ್ರೂ, ಪರ್ಷಿಯನ್, ಥಾಯ್, ಜಪಾನಿ ಕ್ಯಾಲೆಂಡರ್ ಎಲ್ಲ ರೆಡಿ ಇವೆ, ನಮ್ಮದು ಯಾವುದೂ ಇಲ್ಲ, 1957ರಲ್ಲಿ ಸರ್ಕಾರ ತಂದ ಶಕ ಕ್ಯಾಲೆಂಡರ್ ಕೂಡ ಇಲ್ಲ. ಇನ್ನು ಲೆಕ್ಕ ಹಾಕಿದ್ರೂ ಯಾರ ಲೆಕ್ಕ? ನಿಮ್ಮ ಬಸವನಗುಡಿಯಲ್ಲೇ ಸ್ಮಾರ್ತರ ಏಕಾದಶಿ ಒಂದು ದಿನ, ಮಾಧ್ವರದು ಮಾರನೇ ದಿನ ಬರೋದುಂಟು. ಕಂಟ್ರೋಲ್ ಒಳಗೆ ಒಂದನ್ನ ಕೂರಿಸಿದ್ರೆ ಎದುರು ಮನೆಯವ್ರು ತಪ್ಪು ಅಂತಾರೆ. ಮೇಲೆ ಛತ್ರದವ್ರಿಗೆ ಹೇಳಿದ್ದೇ ನಿಮಗೂ: ಚೌಕದ ಕೆಳಗೆ ಒಂದು ಸಾಲು ಜಾಗ ಬಿಟ್ಟು ಏನು ಬರೀಬೇಕು ಅಂತ ಕೇಳಿ, ನಿಮ್ಮ ಮನೆ ಪಂಚಾಂಗ ನೋಡಿ ವರ್ಷಕ್ಕೊಂದು ಫೈಲ್ ನೀವೇ ತುಂಬ್ಕೊಳ್ಳಿ. ರಜೆ ಪಟ್ಟೀನೂ ಹಂಗೇ ಹೊರಗಿಂದ ಬರಲಿ, ಜನವರಿ 26, ನವೆಂಬರ್ 1 ಥರದ್ದು ಬಿಟ್ರೆ ಉಳಿದದ್ದೆಲ್ಲ ವರ್ಷ ವರ್ಷ ಜರುಗುತ್ತೆ.

ರಾಜಾಜಿನಗರದವ್ರಿಗೆ ಇಲ್ಲೇ ಒಂದು ಮಾತು: 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಮದುವೆ ಸೀಸನ್ನಿನ ಮಧ್ಯದಲ್ಲೇ ಒಂದು ತಿಂಗಳು ಮದುವೆ ಇಲ್ಲ. ನಿಮ್ಮ ಮಾವಂಗೆ ಇದು ಬಾಯಿಪಾಠ ಆಗಿರುತ್ತೆ, ಆ ಚೌಕಗಳಿಗೆ ಬೇರೆ ಬಣ್ಣ ಕೊಟ್ರೆ ಖುಷಿ ಪಡ್ತಾರೆ.

ಪ್ರಶ್ನೆ: ಕ್ಯಾಲೆಂಡರ್‌ನಲ್ಲಿ 15 ಆರಿಸಿ ಸೇವ್ ಮಾಡಿದ್ರೆ ಸರ್ವರ್‌ನಲ್ಲಿ 14 ಅಂತ ಕೂತಿದೆ. ಕಂಟ್ರೋಲ್‌ದೇ ತಪ್ಪಾ?
— ವೈಟ್‌ಫೀಲ್ಡ್‌ನ ಓದುಗರು

ಉತ್ತರ: ಟೈಮ್ ನೋಡಿ, 18:30 ಅಂತ ಇರುತ್ತೆ. 15ನೇ ತಾರೀಖು ನಡುರಾತ್ರಿ ಹನ್ನೆರಡು ಅಂದ್ರೆ ಯುಟಿಸಿಲಿ (ಲೋಕಕ್ಕೆಲ್ಲ ಒಂದೇ ಇರೋ ಸಮಯ) ಹಿಂದಿನ ದಿನ ಸಂಜೆ ಆರೂವರೆ, ನಾವು ಐದೂವರೆ ಗಂಟೆ ಮುಂದೆ ಇದ್ದೀವಲ್ಲ. ನಾನೂ ಒಂದು ಆಸ್ಪತ್ರೆ ಸಾಫ್ಟ್‌ವೇರ್‌ನಲ್ಲಿ ಇದೇ ಗುಂಡಿಗೆ ಬಿದ್ದಿದ್ದೆ, ಪೇಷೆಂಟುಗಳು ಎಲ್ರೂ ಒಂದು ದಿನ ಮುಂಚೆ ಹುಟ್ಟಿಬಿಟ್ಟಿದ್ರು. ಬರೀ ದಿನ ಬೇಕಾದ ಕಡೆ ಡಾಟ್‌ನೆಟ್ 6ರಲ್ಲಿ ಬಂದ ಡೇಟ್‌ಓನ್ಲಿ ಬಳಸಿ, ಡೇಟಾಬೇಸ್‌ನಲ್ಲೂ ಡೇಟ್ ಕಾಲಂ ಇಡಿ. ಹಳೇ ಫ್ರೇಮ್‌ವರ್ಕ್ ಆದ್ರೆ ವರ್ಷ-ತಿಂಗಳು-ದಿನ ಅಂತ ಅಕ್ಷರದಲ್ಲಿ ಕಳಿಸಿ.

ಪ್ರಶ್ನೆ: ಆಫೀಸ್ ಪ್ರಾಜೆಕ್ಟ್‌ಗೆ ಅಂತ ಬರೆದ ಕಂಟ್ರೋಲನ್ನ ಎಲ್ರಿಗೂ ಫ್ರೀಯಾಗಿ ಕೊಡ್ಬೋದಾ? ನಾನೇ ತಾನೇ ಬರೆದಿದ್ದು.
— ಎಲೆಕ್ಟ್ರಾನಿಕ್ ಸಿಟಿಯ ಓದುಗರು

ಉತ್ತರ: ಬರೆದವ್ರು ನೀವು, ಓನರ್ ಅವ್ರು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ದಿದ್ರೆ, ಕಂಪನಿದು. ಮ್ಯಾನೇಜರ್ ಹತ್ರ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ, ಬಾಯಿ ಮಾತಲ್ಲಿ ಬೇಡ. ಕೊಡಲ್ಲ ಅಂದ್ರೆ ಮನೇಲಿ, ನಿಮ್ಮ ಮೆಷಿನ್‌ನಲ್ಲಿ ಮೊದಲಿಂದ ಬರೀರಿ, ಆದ್ರೆ ಅದಕ್ಕೂ ಮುಂಚೆ ಆಫರ್ ಲೆಟರ್ ಜೊತೆ ಸೈನ್ ಮಾಡಿದ ಅಗ್ರಿಮೆಂಟ್ ಒಂದ್ಸಲ ಓದಿ, ಕೆಲವು ಕಡೆ ಮನೇಲಿ ಬರೆದದ್ದೂ ನಮ್ಮದೇ ಅಂತ ಸೇರಿಸಿರ್ತಾರೆ. ಹಂಚೋವಾಗ ಲೈಸೆನ್ಸ್ ಫೈಲ್ ಇಡ್ಲೇಬೇಕು, ಇಲ್ದಿದ್ರೆ ಕೋಡ್ ಕಣ್ಣಿಗೆ ಕಾಣ್ಸಿದ್ರೂ ಬಳಸೋ ಹಕ್ಕು ಯಾರಿಗೂ ಇರಲ್ಲ. ಇಂಥ ಸಣ್ಣ ಕಂಟ್ರೋಲ್‌ಗೆ ಎಂಐಟಿ ಲೈಸೆನ್ಸ್ (ಬರೆದವರ ಹೆಸರು ಉಳಿಸ್ಕೊಂಡು ಯಾರು ಬೇಕಾದ್ರೂ ಬಳಸ್ಬಹುದು ಅನ್ನೋದು) ಸಾಕು, ವಿನ್‌ಫಾರ್ಮ್ಸ್‌ನ ಸೋರ್ಸ್ ಕೋಡನ್ನೇ ಮೈಕ್ರೋಸಾಫ್ಟ್ 2018ರಲ್ಲಿ ಅದೇ ಲೈಸೆನ್ಸ್‌ನಲ್ಲಿ ಬಿಟ್ಟಿದೆ.

ಪ್ರಶ್ನೆ: ನಮ್ಮ ಅಂಗಡಿ ಬಿಲ್ಲಿಂಗ್ ಇನ್ನೂ ವಿಬಿ 6ರಲ್ಲಿ (ಹಳೇ ವಿಷುಯಲ್ ಬೇಸಿಕ್) ಇದೆ. ಹೊಸ ಕಂಪ್ಯೂಟರ್ ತಂದ ಮೇಲೆ ಕ್ಯಾಲೆಂಡರ್ ಬರೋ ಜಾಗದಲ್ಲಿ ಎರರ್.
— ಚಿಕ್ಕಪೇಟೆಯ ಓದುಗರು

ಉತ್ತರ: ಆ ಕ್ಯಾಲೆಂಡರ್ ಕಂಟ್ರೋಲ್ ಇರೋ ಎಂಎಸ್‌ಕಾಮ್‌ಸಿಟಿ2 ಡಾಟ್ ಓಸಿಎಕ್ಸ್ (mscomct2.ocx) ಅನ್ನೋ ಫೈಲ್ ರಿಜಿಸ್ಟರ್ ಆಗಿಲ್ಲ. ಹಳೇ ಕಂಪ್ಯೂಟರ್ ಇನ್ನೂ ಇದ್ದರೆ ಅಲ್ಲಿಂದ ತಗೊಂಡು ಸಿಸ್‌ವಾವ್64 ಫೋಲ್ಡರ್‌ಗೆ ಹಾಕಿ, ಅದೇ ಫೋಲ್ಡರ್‌ನಲ್ಲಿರೋ ರೆಗ್‌ಸರ್ವರ್32 (regsvr32) ಇಂದ ಅಡ್ಮಿನ್ ಆಗಿ ರಿಜಿಸ್ಟರ್ ಮಾಡಿ. ಸಿಸ್ಟಮ್32ಗೆ ಹಾಕ್ಬೇಡಿ, ಹೆಸರು ಉಲ್ಟಾ ಇದೆ, 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಫೈಲುಗಳು ಇರೋದು 64 ಅಂತ ಹೆಸರಿರೋ ಫೋಲ್ಡರ್‌ನಲ್ಲೇ. ಹಳೇ ಕಂಪ್ಯೂಟರನ್ನ ಗುಜರಿಗೆ ಹಾಕಿಲ್ಲ ತಾನೇ?