ಮಾಯಾ ಸಂಸ್ಕೃತಿಯ ಬೇಸಿಗೆ ಶಿಬಿರಕ್ಕೆ ದುಡ್ಡು ಹಾಕಬಹುದೇ?

ಮಾನವಶಾಸ್ತ್ರದಲ್ಲಿ ಎಂ.ಎ. ಓದುತ್ತಿರುವ ನೀವು, ಅಷ್ಟೊಂದು ಶುಲ್ಕ ತೆತ್ತು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ನಡುವೆ ನಡೆಯುವ ಕ್ಷೇತ್ರಾಧ್ಯಯನ ಶಿಬಿರಕ್ಕೆ ಹೋಗುವುದು ಸಾರ್ಥಕವೇ ಎಂದು ಕೇಳಿದ್ದೀರಿ. ಅಂಥದೊಂದು ಶಿಬಿರದಲ್ಲಿ ಇದ್ದು ಬಂದವಳು ನಾನು. ಊರಿನ ಮನೆಯೊಂದರಲ್ಲಿ ಉಳಿಸುವುದಾದರೆ ಕಣ್ಣು ಮುಚ್ಚಿ ಹೋಗಿ. ಹೋಟೆಲಿನಲ್ಲಿಟ್ಟು, ಬಸ್ಸಿನಲ್ಲಿ ಪಿರಮಿಡ್ ಸುತ್ತಿಸುವುದಾದರೆ ಬೇಡ.

ಮಾಯಾ ಎಂದೊಡನೆ ನಮಗೆ ಟಿಕಾಲ್, ಚಿಚೆನ್ ಇಟ್ಜಾದಂಥ ಪಾಳುಬಿದ್ದ ಪಿರಮಿಡ್ ನಗರಗಳು ನೆನಪಾಗುತ್ತವೆ. ಆ ಜನ ಎಂದೋ ಅಳಿದುಹೋದರು ಎಂಬಂತೆ ಮಾತನಾಡುತ್ತೇವೆ. ಆದರೆ ಇಂದಿಗೂ ಗ್ವಾಟೆಮಾಲಾ ಒಂದರಲ್ಲೇ 22 ಮಾಯಾ ಭಾಷೆಗಳಿಗೆ ಸರ್ಕಾರದ ಮಾನ್ಯತೆ ಇದೆ. ನಾನಿದ್ದದ್ದು ಅಟಿಟ್ಲಾನ್ ಸರೋವರದ ದಂಡೆಯಲ್ಲಿ. ದಕ್ಷಿಣಕ್ಕೆ ತ್ಸುತುಹಿಲ್ ಭಾಷೆ, ಉತ್ತರಕ್ಕೆ ಕಕ್ಚಿಕೆಲ್. ದೋಣಿಯಲ್ಲಿ ಆಚೆ ದಡಕ್ಕೆ ಹೋದರೆ ಮಾತೂ ಬೇರೆ, ಹೆಂಗಸರ ರವಿಕೆಯ ನೇಯ್ಗೆಯೂ ಬೇರೆ.

ನಾನು ಕಲಿತದ್ದೆಲ್ಲ ಹೆಚ್ಚುಕಡಿಮೆ ಅಡುಗೆಮನೆಯಲ್ಲೇ. ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳಗ್ಗೆ ತಿಕ್ಕಿ ತೊಳೆದರೆ ಸಿಪ್ಪೆ ಜಾರುತ್ತದೆ; ಬಳಿಕ ಗಿರಣಿಯಲ್ಲಿ ಬೀಸಿಸಿಕೊಂಡು ಬರುತ್ತಾರೆ. ಸುಣ್ಣ ಸೇರದಿದ್ದರೆ ಗೋವಿನಜೋಳದ ನಯಾಸಿನ್ ಎಂಬ ವಿಟಮಿನ್ ಮೈಗೆ ಹತ್ತುವುದಿಲ್ಲ. ಈ ಉಪಾಯವನ್ನು ಬಿಟ್ಟು ಬರೀ ಗೋವಿನಜೋಳವನ್ನು ಒಯ್ದ ಯೂರೋಪಿನಲ್ಲಿ ಬಡವರನ್ನು ಆ ವಿಟಮಿನ್ ಕೊರತೆಯಿಂದ ಬರುವ ಪೆಲಾಗ್ರಾ ರೋಗ ಕಾಡಿತು. ವಿಜಯಪುರದ ಕಡೆಯವಳಾದ ನನಗೆ ರೊಟ್ಟಿ ಬಡಿಯುವ ಜಂಬವಿತ್ತು. ಅವರೋ ಹಿಟ್ಟಿನ ಉಂಡೆಯನ್ನು ಎರಡು ಅಂಗೈಗಳ ನಡುವೆ ತಿರುಗಿಸುತ್ತ ಗಾಳಿಯಲ್ಲೇ ತಟ್ಟುತ್ತಾರೆ. ನನ್ನದು ಅಂಚು ಹರಿದು ಕೋಳಿಗಳ ಪಾಲಾದಾಗ ಮನೆಯಾಕೆ ಹೊಟ್ಟೆ ಹಿಡಿದು ನಕ್ಕರು. ಯಾವ ಮಗ ಅಮೆರಿಕಕ್ಕೆ ಹೋದ, ಹೊಲ ಯಾರ ಪಾಲಿಗೆ ಬಂತು ಎಂಬುದೆಲ್ಲ ಟಿಪ್ಪಣಿ ಪುಸ್ತಕ ಹಿಡಿದು ಕೂತಾಗ ಹೊರಬಂದಿರಲಿಲ್ಲ. ಆಮೇಲೆ ಒಲೆಯ ಮುಂದೆ ತಾನಾಗಿ ಬಂತು.

ಒಂದು ವಿಷಯವನ್ನು ಮಾತ್ರ ನೀವಾಗಿ ಕೆದಕಬೇಡಿ. 1960ರಿಂದ 1996ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ಸತ್ತವರು, ಕಾಣೆಯಾದವರು ಎರಡು ಲಕ್ಷಕ್ಕೂ ಹೆಚ್ಚು, ಬಹುಪಾಲು ಮಾಯಾ ಜನರೇ. ನಾಲ್ಕು ವಾರ ಇದ್ದು ಹೋಗುವ ವಿದ್ಯಾರ್ಥಿಗೆ ತಮ್ಮ ಮನೆಯ ಸಾವಿನ ಲೆಕ್ಕ ಒಪ್ಪಿಸಬೇಕಾದ ಹಂಗು ಯಾರಿಗೂ ಇಲ್ಲ.

ಇನ್ನು ತಯಾರಿಯ ಮಾತು. ಸ್ಪ್ಯಾನಿಷ್ ಈಗಲೇ ಶುರುಮಾಡಿ. ಆದರೂ ವಯಸ್ಸಾದ ಹೆಂಗಸರ ಬಳಿ ಅದು ಅಷ್ಟಾಗಿ ನಡೆಯುವುದಿಲ್ಲ. ಭಾಷೆಯೇ ಮುಖ್ಯವೆನಿಸಿದರೆ ಅಮೆರಿಕದ ಟುಲೇನ್ ವಿಶ್ವವಿದ್ಯಾಲಯ ಬಹುಕಾಲದಿಂದ ನಡೆಸುತ್ತ ಬಂದಿರುವ ಕಕ್ಚಿಕೆಲ್ ಬೇಸಿಗೆ ತರಗತಿಗಳನ್ನು ವಿಚಾರಿಸಿ. ಹೆಸರಿಗೆ ಬೇಸಿಗೆ ಶಿಬಿರ, ಜೂನ್–ಜುಲೈ ಅಲ್ಲಿ ಮಳೆಗಾಲ. ಕೊಡೆ, ಸ್ವೆಟರ್ ಎರಡೂ ಇರಲಿ. ಹಣ ಕಟ್ಟುವ ಮುನ್ನ ಶಿಬಿರದವರನ್ನು ಕೇಳಿ: ಪಾಠ ಮಾಡುವವರಲ್ಲಿ ಮಾಯಾ ಜನ ಎಷ್ಟಿದ್ದಾರೆ? ನನ್ನ ಶುಲ್ಕದಲ್ಲಿ ಆತಿಥ್ಯ ನೀಡುವ ಮನೆಗೆ ಎಷ್ಟು ಸಲ್ಲುತ್ತದೆ? ಎರಡನೆಯದಕ್ಕೆ ತಡವರಿಸಿದರೆ ಬೇರೆ ಶಿಬಿರ ಹುಡುಕಿ.